ಕಲೆಯ ಕೊಠಡಿ, ಬದುಕಿನ ಕೊಠಡಿ: ಪ್ರಾದೇಶಿಕ ಪ್ರದರ್ಶನಗಳ ಹಿನ್ನೆಲೆ

ಪ್ರಾದೇಶಿಕ ಸಾಂಸ್ಕೃತಿಕ ಕೇಂದ್ರಗಳಲ್ಲಿ ಚಿತ್ರಕಲೆಯ ಪ್ರದರ್ಶನವೂ ಜನಜೀವನದ ಇತಿಹಾಸದ ಪ್ರದರ್ಶನವೂ ಒಂದೇ ಸೂರಿನಡಿ ನಡೆಯುವುದು ಇಂದು ಸಾಮಾನ್ಯ ಸಂಗತಿ. ಆದರೆ ಕೈಮಗ್ಗದಲ್ಲಿ ನೇಯ್ದ ಕಂಬಳಿಯೊಂದು ಅಂಥ ಕೇಂದ್ರಕ್ಕೆ ಬಂದಾಗ ಅದನ್ನು ಕಲಾಕೃತಿಯೆಂದು ಗೋಡೆಗೆ ತೂಗುಹಾಕಬೇಕೋ, ಬಳಕೆಯ ವಸ್ತುವೆಂದು ಮಂಚದ ಮೇಲೆ ಹಾಸಿ ತೋರಿಸಬೇಕೋ, ಪಕ್ಕದ ಲೇಬಲ್ಲಿನಲ್ಲಿ ಯಾರ ಹೆಸರು ಬರೆಯಬೇಕೋ ಎಂಬ ಪ್ರಶ್ನೆಗಳಿಗೆ ಪ್ರದರ್ಶನ ರೂಪಿಸುವ ಕ್ಯುರೇಟರುಗಳು, ಇತಿಹಾಸಕಾರರು, ಕಲಾವಿದರು ಮತ್ತು ಆ ಕಂಬಳಿಯನ್ನು ಕೊಟ್ಟ ಮನೆಯವರು ಬೇರೆ ಬೇರೆ ಉತ್ತರ ಕೊಡುತ್ತಾರೆ. ಕಲೆಯ ಕೊಠಡಿಗೂ ಬದುಕಿನ ಕೊಠಡಿಗೂ ನಡುವಿನ ಈ ಜಗ್ಗಾಟ ನಿನ್ನೆ ಮೊನ್ನೆಯದಲ್ಲ.

ಯುರೋಪಿನ ಸಿರಿವಂತರು 16 ಮತ್ತು 17ನೇ ಶತಮಾನಗಳಲ್ಲಿ ಕಟ್ಟಿಕೊಂಡಿದ್ದ ವಿಚಿತ್ರವಸ್ತುಗಳ ಕೋಣೆಗಳಲ್ಲಿ ವರ್ಣಚಿತ್ರ, ಶಂಖ, ಆಯುಧ, ಒಣಗಿಸಿದ ಪ್ರಾಣಿಗಳು ಅಕ್ಕಪಕ್ಕದಲ್ಲೇ ಇದ್ದವು. 1793ರಲ್ಲಿ ಪ್ಯಾರಿಸಿನ ಲೂವ್ರ್ ಸಾರ್ವಜನಿಕರಿಗೆ ತೆರೆದುಕೊಂಡ ನಂತರದ ನೂರು ವರ್ಷಗಳಲ್ಲಿ ಹೆಸರಾಂತರ ಚಿತ್ರಗಳು ಒಂದು ಕಟ್ಟಡಕ್ಕೂ, ಹೆಸರಿಲ್ಲದವರ ಮಡಕೆ, ನೇಗಿಲು, ಉಡುಪುಗಳು ಇನ್ನೊಂದಕ್ಕೂ ಬಹುಮಟ್ಟಿಗೆ ಹಂಚಿಹೋದವು.

ಈ ಹಂಚಿಕೆಗೆ ಒಳಗಾಗದವರೂ ಇದ್ದರು. 1873ರಲ್ಲಿ ಸ್ಟಾಕ್‌ಹೋಮಿನಲ್ಲಿ ಹಳ್ಳಿಗರ ಉಡುಪು, ಪರಿಕರಗಳ ಸಂಗ್ರಹವನ್ನು ತೆರೆದ ಆರ್ಟುರ್ ಹಸೇಲಿಯುಸ್, 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಆಳೆತ್ತರದ ಬೊಂಬೆಗಳಿಗೆ ಹಳ್ಳಿಯ ಉಡುಪು ತೊಡಿಸಿ, ಸತ್ತ ಮಗುವಿನ ಸುತ್ತ ಕುಳಿತು ದುಃಖಿಸುವ ಕುಟುಂಬದ ದೃಶ್ಯವೊಂದನ್ನು ನಿಲ್ಲಿಸಿದರು. ಆ ದೃಶ್ಯಕ್ಕೆ ಮಾದರಿಯಾದದ್ದು ಅಮಾಲಿಯಾ ಲಿಂಡೆಗ್ರೆನ್ ಅವರ ವರ್ಣಚಿತ್ರ. ಚಿತ್ರವೂ ಬಟ್ಟೆಯೂ ಬದುಕೂ ಅಲ್ಲಿ ಒಂದೇ ಚೌಕಟ್ಟಿನೊಳಗೆ ಸೇರಿದ್ದವು. 1891ರಲ್ಲಿ ಹಸೇಲಿಯುಸ್ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಕಟ್ಟಿದ ಸ್ಕಾನ್ಸೆನ್ ಬಯಲು ಸಂಗ್ರಹಾಲಯ ಮುಂದೆ ಹಲವು ದೇಶಗಳಿಗೆ ಮಾದರಿಯಾಯಿತು.

ಎಲ್ಲ ಕಲೆಗಳಿಗೂ ಒಂದೇ ಮನೆ ಎಂಬ ಕಲ್ಪನೆಗೆ ಸರ್ಕಾರದ ಬೆಂಬಲ ಸಿಕ್ಕಿದ್ದು ಫ್ರಾನ್ಸಿನಲ್ಲಿ. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ರಾಜಧಾನಿಯ ಹೊರಗಿನ ಊರುಗಳಿಗೆ ಸಂಸ್ಕೃತಿ ಭವನಗಳನ್ನು ಯೋಜಿಸಿದರು. 1961ರಲ್ಲಿ ಬಂದರು ನಗರ ಲೆ ಹಾವ್ರ್‌ನಲ್ಲಿ ತೆರೆದ ಮೊದಲನೆಯದು ಕಲಾ ಸಂಗ್ರಹಾಲಯವೂ ಆಗಿತ್ತು. ಶ್ರೇಷ್ಠ ಕಲೆಯನ್ನು ಜನರ ಬಳಿಗೆ ಒಯ್ಯುವ ಉದ್ದೇಶ ಅಲ್ಲಿ ಸ್ಪಷ್ಟವಾಗಿತ್ತು. ಜನರ ಬಳಿ ಏನಿದೆ ಎಂದು ಕೇಳುವ ಕೆಲಸ ಮುಂದಿನವರಿಗೆ ಉಳಿಯಿತು.

ಆ ಪ್ರಶ್ನೆ ಎಷ್ಟು ಕಠಿಣವಾದದ್ದು ಎಂಬುದು 1969ರಲ್ಲಿ ಅಮೆರಿಕದ ಎರಡು ಪ್ರದರ್ಶನಗಳಿಂದ ಗೊತ್ತಾಗುತ್ತದೆ. ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯವು ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಇತಿಹಾಸವನ್ನು ಬೃಹತ್ ಛಾಯಾಚಿತ್ರಗಳು ಮತ್ತು ಧ್ವನಿಮುದ್ರಣಗಳ ಮೂಲಕ ತೋರಿಸಿತು. ಹಾರ್ಲೆಮ್‌ನ ಚಿತ್ರಕಾರರ, ಶಿಲ್ಪಿಗಳ ಒಂದು ಕೃತಿಯೂ ಅಲ್ಲಿರಲಿಲ್ಲ. ಕಲಾ ಸಂಗ್ರಹಾಲಯವೊಂದು ತಮ್ಮವರನ್ನು ಇತಿಹಾಸದ ವಸ್ತುವಾಗಿ ಮಾತ್ರ ಕಂಡು ಕಲಾವಿದರಾಗಿ ಕಾಣಲಿಲ್ಲವೆಂದು ಕಪ್ಪು ಕಲಾವಿದರು ಬಾಗಿಲ ಮುಂದೆ ಪ್ರತಿಭಟಿಸಿದರು. ಅದೇ ಪ್ರದರ್ಶನದಿಂದಾಗಿಯೇ ದಶಕಗಳ ಕಾಲ ಆ ಬಡಾವಣೆಯಲ್ಲಿ ಸ್ಟುಡಿಯೊ ನಡೆಸಿದ್ದ, 80 ದಾಟಿದ ಛಾಯಾಗ್ರಾಹಕ ಜೇಮ್ಸ್ ವ್ಯಾನ್ ಡರ್ ಝೀ ಲೋಕಕ್ಕೆ ಪರಿಚಿತರಾದರು ಎಂಬುದನ್ನೂ ಮರೆಯುವಂತಿಲ್ಲ.

ಇನ್ನೊಂದು ಪ್ರದರ್ಶನ ನಡೆದದ್ದು ವಾಷಿಂಗ್ಟನ್ನಿನ ಅನಕಾಸ್ಟಿಯಾ ನೆರೆಹೊರೆ ಸಂಗ್ರಹಾಲಯದಲ್ಲಿ. ಅಮೆರಿಕದ ಹಲವು ಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ 1967ರಲ್ಲಿ ಹಳೆಯ ಸಿನಿಮಾ ಮಂದಿರವೊಂದರಲ್ಲಿ ತೆರೆದ ಈ ಸಂಗ್ರಹಾಲಯದ ಮೊದಲ ನಿರ್ದೇಶಕರು ಜಾನ್ ಕಿನಾರ್ಡ್. ಬಡಾವಣೆಯ ಮಕ್ಕಳು ಇಲಿಗಳ ಕಾಟದ ಮಾತೆತ್ತಿದಾಗ, ಅದನ್ನು ಪಕ್ಕಕ್ಕೆ ಸರಿಸದೆ, ಜೀವಂತ ಇಲಿಗಳನ್ನೇ ತಂದಿರಿಸಿ ಇಡೀ ಪ್ರದರ್ಶನವನ್ನು ಅದರ ಮೇಲೆಯೇ ಕಟ್ಟಲಾಯಿತು. ಇಲಿ ಎಲ್ಲಿಂದ ಬರುತ್ತದೆ, ಯಾಕೆ ಹೆಚ್ಚುತ್ತದೆ, ತಡೆಯುವುದು ಹೇಗೆ ಎಂಬುದು ಸಂಗ್ರಹಾಲಯದಲ್ಲಿಡಲು ಯೋಗ್ಯವಾದ ವಿಷಯವೆಂದು ನೆರೆಹೊರೆಯವರೇ ತೀರ್ಮಾನಿಸಿದಂತಾಯಿತು. ಈ ಕ್ಷೇತ್ರದ ಧೈರ್ಯದ ಹೆಜ್ಜೆಗಳಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ.

ಮುಂದೆ, 1972ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಸಂಗ್ರಹಾಲಯಗಳ ಕುರಿತು ನಡೆದ ದುಂಡುಮೇಜಿನ ಸಭೆ ಸಂಗ್ರಹಾಲಯದ ಸಾಮಾಜಿಕ ಹೊಣೆಯನ್ನು ಎತ್ತಿ ಹೇಳಿತು. ಫ್ರಾನ್ಸಿನ ಲೆ ಕ್ರೂಸೋ ಎಂಬ ಕೈಗಾರಿಕಾ ಪ್ರದೇಶದಲ್ಲಿ ಊರೂರನ್ನೇ ಸಂಗ್ರಹವೆಂದು ಬಗೆಯುವ ಪ್ರಯೋಗ ನಡೆಯಿತು. ಎರಡೂ ಕೊಠಡಿಗಳ ನಡುವಿನ ಗೋಡೆಯನ್ನು ಕಣ್ಣಿಗೆ ಕಾಣುವಂತೆ ಕೆಡವಿದ್ದು ಮಾತ್ರ ಒಬ್ಬ ಕಲಾವಿದ. 1992ರಲ್ಲಿ ಬಾಲ್ಟಿಮೋರಿನ ಮೇರಿಲ್ಯಾಂಡ್ ಇತಿಹಾಸ ಸಂಘದ ಉಗ್ರಾಣವನ್ನು ಜಾಲಾಡಿದ ಫ್ರೆಡ್ ವಿಲ್ಸನ್, ಉಬ್ಬುಕೆತ್ತನೆಯ ಬೆಳ್ಳಿಯ ಹೂಜಿ, ಲೋಟಗಳಿದ್ದ ಗಾಜಿನ ಪೆಟ್ಟಿಗೆಯೊಳಗೆ ಗುಲಾಮರಿಗೆ ತೊಡಿಸುತ್ತಿದ್ದ ಕಬ್ಬಿಣದ ಬೇಡಿಯನ್ನೂ ಇಟ್ಟರು. ಲೇಬಲ್ಲಿನಲ್ಲಿ ಇದ್ದದ್ದು ಇಷ್ಟೇ: ಲೋಹದ ಕೆಲಸ, 1793–1880. ಒಂದು ಬದಿಯಲ್ಲಿ ಗಣ್ಯರ ಅಮೃತಶಿಲೆಯ ಪ್ರತಿಮೆಗಳು. ಇನ್ನೊಂದು ಬದಿಯಲ್ಲಿ ಹ್ಯಾರಿಯೆಟ್ ಟಬ್‌ಮನ್, ಫ್ರೆಡರಿಕ್ ಡಗ್ಲಾಸ್, ಬೆಂಜಮಿನ್ ಬ್ಯಾನೆಕರ್ ಎಂದು ಹೆಸರು ಬರೆದ ಬರಿದಾದ ಪೀಠಗಳು. ಮೂವರೂ ಮೇರಿಲ್ಯಾಂಡಿನವರೇ ಆದ ಹೆಸರಾಂತ ಕಪ್ಪು ಜನರು. ಹೊಸದಾಗಿ ಕೊಂಡ ವಸ್ತುವಿನಿಂದಲ್ಲ, ಇದ್ದ ವಸ್ತುಗಳ ನೆರೆಹೊರೆಯನ್ನು ಬದಲಿಸಿದ್ದರಿಂದ ಆ ಸಂಗ್ರಹಕ್ಕೆ ಬೇರೆ ಅರ್ಥ ಬಂತು.

ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿಯು 2019ರ ಕ್ಯೋಟೊ ಸಭೆಯಲ್ಲಿ ಸಂಗ್ರಹಾಲಯದ ಹೊಸ ವ್ಯಾಖ್ಯೆಯನ್ನು ಒಪ್ಪಲಾರದೆ ಮುಂದೂಡಿ, 2022ರಲ್ಲಿ ಪ್ರಾಗ್‌ನಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಲ್ಲಿ ಸಮುದಾಯಗಳ ಸಹಭಾಗಿತ್ವ ಎಂಬ ಮಾತು ಸೇರಿತು.

ಆ ಮಾತನ್ನು ಸಣ್ಣ ಕೇಂದ್ರವೊಂದು ಜಾರಿಗೆ ತರಹೊರಟಾಗ ತೊಡಕು ಬರುವುದು ತೀರಾ ಸಣ್ಣ ವಿಷಯಗಳಲ್ಲಿ. ಹಳೆಯ ಬಟ್ಟೆಯ ಬಣ್ಣ ಮಾಸದಿರಲು ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ) ಇಳಿಸಬೇಕು. ಆ ಮಬ್ಬಿನಲ್ಲಿ, ಕಂಬಳಿಯ ನೇಯ್ಗೆಯನ್ನು ಬಲ್ಲ ವೃದ್ಧರಿಗೆ ಎಳೆಯೂ ಕಾಣದು, ಲೇಬಲ್ಲೂ ಓದಲಾಗದು. ಕೈಯಿಂದ ಮುಟ್ಟಿ ನೋಡಿದರೆ ಅವರು ಹೇಳಬಲ್ಲರು, ಆದರೆ ಮುಟ್ಟುವುದು ನಿಷಿದ್ಧ. ದಾಖಲೆ ಪುಸ್ತಕದಲ್ಲಿ ಅಳತೆ, ಬಂದ ದಿನಾಂಕ, ದಾನಿಯ ಹೆಸರು ತುಂಬಲು ಕಲಂಗಳಿದ್ದರೂ ನೇಯ್ದವರ ಕಲಮಿನಲ್ಲಿ ಅಜ್ಞಾತ ಎಂದೇ ಬರೆದಿರುತ್ತದೆ. ಎಷ್ಟೋ ಸಲ ಆ ಹೆಸರು ಅಜ್ಞಾತವೇ ಅಲ್ಲ; ಕಂಬಳಿಯನ್ನು ತಂದುಕೊಟ್ಟವರನ್ನು ಅಂದು ಯಾರೂ ಕೇಳಿರಲಿಲ್ಲ, ಅಷ್ಟೇ.