ಟೇಟರ್ಸ್: ಚಳಿಗೂ ಆಲೂಗಡ್ಡೆಗೂ ಏನು ನಂಟು?

ಇಂಗ್ಲಿಷಿನಲ್ಲಿ ಚಳಿಗೆ ‘ನಿಪ್ಪಿ’ ಅನ್ನುವುದು ಸುಲಭವಾಗಿ ಅರ್ಥವಾಗುತ್ತದೆ. ನಿಪ್ ಅಂದ್ರೆ ಚಿವುಟು, ಚಳಿಗಾಳಿ ಮೂಗು ಕಿವಿ ಚಿವುಟುತ್ತದೆ, ಮುಗೀತು. ಆದರೆ ಲಂಡನ್ನಿನ ಈಸ್ಟ್ ಎಂಡ್ ಕಡೆಯ ಹಳಬರು ಇದೇ ಚಳಿಗೆ ‘ಟೇಟರ್ಸ್’ ಅನ್ನುತ್ತಾರಲ್ಲ, ಅದು? ಟೇಟರ್ಸ್ ಅಂದ್ರೆ ಪೊಟೇಟೋಸ್, ಮೊದಲಿನ ‘ಪೊ’ ನುಂಗಿ ಹೇಳುವ ಆಡುಮಾತು. ಅಂದ್ರೆ ಆಲೂಗಡ್ಡೆ! ‘ಇವತ್ತು ಸ್ವಲ್ಪ ಆಲೂಗಡ್ಡೆ’ ಅಂದ್ರೆ ಇವತ್ತು ಸ್ವಲ್ಪ ಚಳಿ.

ಅರ್ಥದ ಜಾಡು ಹಿಡಿದು ಹುಡುಕಿದರೆ ಇದರ ಮೂಲ ಸಿಗುವುದಿಲ್ಲ. ಇದು ಪ್ರಾಸದಿಂದ ಹುಟ್ಟಿದ ಪದ. ಪೂರ್ತಿ ಮಾತು ‘ಪೊಟೇಟೋಸ್ ಇನ್ ದ ಮೋಲ್ಡ್’. ಮೋಲ್ಡ್ ಅಂದ್ರೆ ಇಲ್ಲಿ ಬೂಸ್ಟು ಅಲ್ಲ, ಪುಡಿ ಮಣ್ಣು. ಮಣ್ಣಿನೊಳಗಿನ ಆಲೂಗಡ್ಡೆ, ಅಷ್ಟೇ. ಮೋಲ್ಡ್‌ಗೆ ಕೋಲ್ಡ್ ಪ್ರಾಸ. ಅಲ್ಲಿಗೇ ಬಿಟ್ಟಿದ್ದರೆ ಯಾರಾದರೂ ಊಹಿಸಬಹುದಿತ್ತೇನೋ, ಆದರೆ ಕಾಕ್ನಿ ಅಂತ ಕರೆಸಿಕೊಳ್ಳುವ ಈ ಈಸ್ಟ್ ಎಂಡ್ ಜನ ಪ್ರಾಸ ಕೂಡಿಸುವ ಆ ಕೊನೆಯ ಭಾಗವನ್ನೇ ಕಿತ್ತು ಬಿಸಾಕುತ್ತಾರೆ. ಉಳಿಯುವುದು ಬರೀ ಟೇಟರ್ಸ್. ಬೀಗ ಹಾಕಿ ಬೀಗದ ಕೈಯನ್ನು ಬಾವಿಗೆ ಎಸೆದಂಗೆ.

ಈ ಆಟಕ್ಕೆ ರೈಮಿಂಗ್ ಸ್ಲ್ಯಾಂಗ್, ಅಂದ್ರೆ ಪ್ರಾಸದ ಆಡುಮಾತು, ಅಂತ ಹೆಸರು. ‘ಲುಕ್’ ಅನ್ನುವುದಕ್ಕೆ ‘ಬುಚರ್ಸ್ ಹುಕ್’, ಅಂದ್ರೆ ಕಸಾಯಿ ಅಂಗಡಿಯ ಕೊಕ್ಕೆ. ಅದರಲ್ಲಿ ಹುಕ್ ಹಾರಿಹೋಗಿ ‘ಒಮ್ಮೆ ನೋಡು’ ಅನ್ನಲು ಬರೀ ‘ಬುಚರ್ಸ್’ ಸಾಕು. ‘ಹೆಡ್’ಗೆ ‘ಲೋಫ್ ಆಫ್ ಬ್ರೆಡ್’. ‘ತಲೆ ಓಡಿಸು’ ಅನ್ನಲು ‘ಯೂಸ್ ಯುವರ್ ಲೋಫ್’ ಅನ್ನುವುದು ಲಂಡನ್ ದಾಟಿ ಬ್ರಿಟನ್ನಿನ ಎಲ್ಲ ಕಡೆ ಹಬ್ಬಿದೆ. ಎಲ್ಲಕ್ಕೂ ಹೀಗೆ ಕತ್ತರಿ ಬೀಳುವುದಿಲ್ಲ. ಫೋನಿಗೆ ‘ಡಾಗ್ ಅಂಡ್ ಬೋನ್’ ಅಂತ ಸಾಮಾನ್ಯವಾಗಿ ಪೂರ್ತಿಯೇ ಹೇಳುತ್ತಾರೆ.

ಜಾನ್ ಕ್ಯಾಮ್ಡೆನ್ ಹಾಟನ್ ಅನ್ನುವವನು 1859ರಲ್ಲಿ ತಂದ ಸ್ಲ್ಯಾಂಗ್ ನಿಘಂಟಿನಲ್ಲಿ ಇಂಥ ಪ್ರಾಸದ ಪದಗಳಿಗೇ ಬೇರೆ ಜಾಗ ಕೊಟ್ಟಿದ್ದ. ಶುರುವಾಗಿ ಹನ್ನೆರಡೋ ಹದಿನೈದೋ ವರ್ಷ ಆಗಿರಬೇಕು ಅಂತ ಅವನ ಲೆಕ್ಕ, ಅಂದ್ರೆ 1840ರ ದಶಕ. ಬೀದಿಯಲ್ಲಿ ಹಾಡು ಹೇಳಿಕೊಂಡು, ಮಾತಿನ ಮೋಡಿ ಮಾಡಿಕೊಂಡು ಸರಕು ಮಾರುವವರ ಬಾಯಲ್ಲಿ ಇದು ಹೆಚ್ಚು ಓಡಾಡುತ್ತಿತ್ತಂತೆ.

ಪೊಲೀಸರಿಗೆ ಗೊತ್ತಾಗದಿರಲಿ ಅಂತ ಕಳ್ಳರು ಕಟ್ಟಿದ ಗುಟ್ಟಿನ ಭಾಷೆ ಇದು ಅನ್ನುವ ಕಥೆ ಎಲ್ಲ ಕಡೆ ಓದಲು ಸಿಗುತ್ತದೆ. ಒಂದಷ್ಟು ಪದಗಳ ಮಟ್ಟಿಗೆ ನಿಜವಿರಬಹುದು, ಆದರೆ ಚಳಿ ಆಗ್ತಿದೆ ಅನ್ನುವುದನ್ನು ಪೊಲೀಸರಿಂದ ಮುಚ್ಚಿಡುವ ದರ್ದು ಯಾರಿಗಿತ್ತು ಹೇಳಿ? ಟೇಟರ್ಸ್ ಮಾತ್ರ ಸುಮ್ನೆ ಮೋಜಿಗೆ ಹುಟ್ಟಿದ್ದು ಅಂತಲೇ ನನ್ನ ಅನಿಸಿಕೆ.