ಶುಭ ಶುಕ್ರವಾರದ ಕವಿತೆಗೆ ಭಾನುವಾರದ ಅವಸರವೇಕೆ?

ಭಕ್ತಿಕವಿತೆಗಳ ಸಂಪಾದಕನಾಗಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ನಾನು ಓದುವ ಹಸ್ತಪ್ರತಿಗಳಲ್ಲಿ ಒಂದು ದೋಷ ಪ್ರತಿವರ್ಷವೂ ಮರುಕಳಿಸುತ್ತದೆ. ಮೊಳೆ, ಮುಳ್ಳಿನ ಕಿರೀಟ, ತಾಯಿಯ ಕಣ್ಣೀರು ಎಲ್ಲವೂ ಬಂದು ಓದುಗ ಶಿಲುಬೆಯ ಬುಡದಲ್ಲಿ ನಿಲ್ಲುವಷ್ಟರಲ್ಲಿ, ಕೊನೆಯ ಚರಣ ಸಮಾಧಿಯ ಕಲ್ಲನ್ನು ಉರುಳಿಸಿ ಭಾನುವಾರದ ಪುನರುತ್ಥಾನವನ್ನು, ಯೇಸು ಮರಳಿ ಎದ್ದುದನ್ನು, ಸಾರಿಬಿಡುತ್ತದೆ. ಆ ಚರಣವನ್ನು ಕೈಬಿಡಿ ಎಂದರೆ, ವಿಶ್ವಾಸಿಯಾದವನು ನಿರಾಶೆಯಲ್ಲಿ ಮುಗಿಸಬಹುದೇ ಎಂದು ಕವಿಗಳು ನೊಂದುಕೊಂಡು ಕೇಳುತ್ತಾರೆ.

ಯೇಸು ಶಿಲುಬೆಯ ಮೇಲೆ ಸತ್ತ ಶುಕ್ರವಾರದಲ್ಲೇ ನಿಲ್ಲುವುದನ್ನು ನಿರಾಶೆಯೆಂದು ಕರೆಯಲು ನಾನು ಒಪ್ಪಲಾರೆ. ರೋಮನ್ ಕಥೋಲಿಕ ಧರ್ಮಸಭೆಯಲ್ಲಿ ಅಂದು ಬಲಿಪೂಜೆಯೇ ಇಲ್ಲ. ಆರಾಧನೆ ಆರಂಭವಾಗುವಾಗ ಬಲಿಪೀಠದ ಮೇಲೆ ವಸ್ತ್ರವಾಗಲಿ ಮೇಣದಬತ್ತಿಯಾಗಲಿ ಇರುವುದಿಲ್ಲ. ಧರ್ಮಸಭೆಯೇ ಕಾಯುವ ದಿನ ಕವಿಯೂ ಕಾಯಬಹುದು.

ಇಂಗ್ಲಿಷ್ ಕವಿ ಜಾನ್ ಡನ್ 1613ರ ಶುಭ ಶುಕ್ರವಾರದ ಬಗ್ಗೆ ಬರೆದ 42 ಸಾಲುಗಳ ಕವಿತೆಯಲ್ಲಿ ಸವಾರ ಪಶ್ಚಿಮದತ್ತ ಸಾಗುತ್ತಾನೆ, ಅವನ ಆತ್ಮ ಶಿಲುಬೆಯಿರುವ ಪೂರ್ವದತ್ತ ಬಾಗುತ್ತದೆ, ಶಿಲುಬೆಯ ನೋಟ ತನಗೆ ತಪ್ಪಿತೆಂದು ಬಹುಮಟ್ಟಿಗೆ ಸಂತೋಷಪಡುವುದನ್ನೂ ಆತ ಮುಚ್ಚಿಡುವುದಿಲ್ಲ. ಮುಗಿಯದ ಹಗಲಿನ ಸುಳಿವು ಅಲ್ಲಿ ಒಮ್ಮೆ ಹೊಳೆಯುತ್ತದೆ, ನಿಜ. ಆದರೆ ಕವಿತೆ ಮುಗಿಯುವುದು, ನನ್ನನ್ನು ತಿದ್ದು, ನನ್ನ ತುಕ್ಕನ್ನು ಸುಡು, ಆಗ ಮುಖ ತಿರುಗಿಸುತ್ತೇನೆ ಎಂಬ ಬೇಡಿಕೆಯಲ್ಲಿ. ಅವನಿನ್ನೂ ತಿರುಗಿಲ್ಲ. ಇಂಗ್ಲಿಷ್ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ ತನ್ನ ಶುಭ ಶುಕ್ರವಾರದ ಕವಿತೆಯಲ್ಲಿ ಇನ್ನೂ ಕಠಿಣವಾಗಿ ಬರೆಯುತ್ತಾಳೆ: ಸ್ತ್ರೀಯರು ಅತ್ತರು, ಶಿಷ್ಯ ಪೇತ್ರ ಅತ್ತ, ಜೊತೆಗೆ ಶಿಲುಬೆಗೇರಿದ ಕಳ್ಳನ ಮನವೂ ಕರಗಿತು, ಸೂರ್ಯಚಂದ್ರರೂ ಮುಖ ಮರೆಸಿಕೊಂಡರು, ರಕ್ತದ ಹನಿಗಳನ್ನು ಎಣಿಸುತ್ತ ನಿಂತ ತನ್ನೊಬ್ಬಳಿಗೆ ಮಾತ್ರ ಅಳು ಬರುತ್ತಿಲ್ಲ. ಬೈಬಲಿನಲ್ಲಿ ಮೋಶೆ ಬಂಡೆಯನ್ನು ಹೊಡೆದು ನೀರು ಬರಿಸಿದವನು; ಮೋಶೆಗಿಂತ ಹಿರಿಯನೇ, ಈ ಬಂಡೆಯನ್ನು ಹೊಡೆ ಎಂಬ ಪ್ರಾರ್ಥನೆಯಲ್ಲಿ ಆಕೆ ನಿಲ್ಲಿಸುತ್ತಾಳೆ. ನೀರು ಚಿಮ್ಮಿತೆಂದು ಸೇರಿಸಿದ್ದರೆ ಆ ಪ್ರಾರ್ಥನೆಯ ಕಾವೇ ಆರಿಹೋಗುತ್ತಿತ್ತು.

ನಿವೃತ್ತ ಶಿಕ್ಷಕರಾದ ಹಿರಿಯ ಕವಿಯೊಬ್ಬರು ನನ್ನ ಮಾತಿಗೆ ಬೈಬಲಿನ ಕೀರ್ತನೆ 22ನ್ನು ಎದುರಿಟ್ಟರು. ಯೇಸು ಶಿಲುಬೆಯ ಮೇಲೆ ಕೂಗಿದ್ದು ‘ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ’ ಎಂಬ ಆ ಕೀರ್ತನೆಯ ಮೊದಲ ಮಾತನ್ನು, ಅದು ಮುಗಿಯುವುದು ಸ್ತುತಿಯಲ್ಲಿ ಎಂಬ ಅವರ ವಾದ ನನಗೆ ಬಹಳ ಹಿಡಿಸಿತು. ಆದರೆ ಅಲ್ಲಿ ಸ್ತುತಿ ತೊಡಗುವುದು 22ನೆಯ ವಚನದಲ್ಲಿ. ಅದಕ್ಕೆ ಮೊದಲು ಕೀಲು ತಪ್ಪಿದ ಎಲುಬು, ಒಣಗಿದ ನಾಲಿಗೆ, ಚೀಟು ಹಾಕಿ ಹಂಚಿಕೊಂಡ ಬಟ್ಟೆ ಎಲ್ಲವನ್ನೂ ಕೀರ್ತನಕಾರ ದಾಟಿ ಬಂದಿರುತ್ತಾನೆ. ಹಾಗೆ ದಾಟಿ ಬಂದ ಕವಿತೆಗೆ ನನ್ನ ತಕರಾರಿಲ್ಲ, ಇದು ಎಲ್ಲ ಕವಿತೆಗಳಿಗೂ ಅನ್ವಯಿಸುವ ಕಟ್ಟಳೆಯೂ ಅಲ್ಲ. ಹನ್ನೆರಡು ಸಾಲಿನ ಕವಿತೆಯಾದರೆ ಮಾತ್ರ ಕೊನೆಯ ಚರಣವನ್ನು ಬೇರೆ ಹಾಳೆಗೆ ಎತ್ತಿಡಿ, ಅದರಿಂದಲೇ ಈಸ್ಟರ್‌ಗೆ ಹೊಸ ಕವಿತೆ ಬರೆಯಿರಿ; ಎರಡನ್ನೂ ನಾನು ಸಂತೋಷದಿಂದ ಓದುತ್ತೇನೆ.