ಡೀಸೆಲ್ ಕುಡಿದ ಮಣ್ಣಿಗೆ ಅಡಿಕೆ ಸಿಪ್ಪೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಪಂಪ್‌ಮನೆ ಹಿಂದೆ ಗೋಣಿಚೀಲದಷ್ಟು ಅಗಲದ ಒಂದು ಕರಿ ಜಾಗ ಇದೆ. ಹಳೇ ಪಂಪ್‌ಸೆಟ್ಟಿಗೆ ಕ್ಯಾನಿನಿಂದ ಡೀಸೆಲ್ ಸುರಿಯುವಾಗ ಚೆಲ್ಲಿ ಚೆಲ್ಲಿ ಆದದ್ದು. ಮಳೆಗಾಲದಲ್ಲಿ ಸುತ್ತಲೂ ಮೊಣಕಾಲೆತ್ತರ ಹುಲ್ಲು ಬಂದರೂ ಅಲ್ಲಿ ಮಾತ್ರ ಬೋಳು. ಬೇಸಿಗೆಯಲ್ಲಿ ಒಂದು ಚೊಂಬು ನೀರು ಹಾಕಿದರೆ, ಕೆಸುವಿನ ಎಲೆ ಮೇಲೆ ನಿಂತ ಹಾಗೆ ಉಂಡೆಯಾಗಿ ನಿಲ್ಲುತ್ತದೆ. ಇಂಗುವುದಿಲ್ಲ. ಮಣ್ಣಿನ ಕಣಗಳಿಗೆ ಎಣ್ಣೆ ಮೆತ್ತಿಕೊಂಡಿರುತ್ತದೆ, ಅದಕ್ಕೆ.

ತಮಾಷೆ ಏನೆಂದರೆ, ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಮಣ್ಣಲ್ಲೇ ಇರುತ್ತವೆ. ಹಾಗಾದರೆ ಇಷ್ಟು ವರ್ಷ ಯಾಕೆ ತಿಂದು ಮುಗಿಸಲಿಲ್ಲ? ಡೀಸೆಲ್ ಅಂದರೆ ಹೆಚ್ಚುಕಮ್ಮಿ ಬರೀ ಇಂಗಾಲ ಮತ್ತು ಜಲಜನಕ. ಎಲೆ ತುಂಬ ಅನ್ನ ಬಡಿಸಿ ಸಾರೂ ಇಲ್ಲ, ಉಪ್ಪೂ ಇಲ್ಲ ಅಂದ ಹಾಗೆ. ಬ್ಯಾಕ್ಟೀರಿಯಾಗಳಿಗೆ ಪ್ರತಿ 100 ಪಾಲು ಇಂಗಾಲದ ಜೊತೆ ಸುಮಾರು 10 ಪಾಲು ಸಾರಜನಕ, 1 ಪಾಲು ರಂಜಕ ಬೇಕು ಅನ್ನುವುದು ಎಣ್ಣೆ ಮಣ್ಣು ಶುದ್ಧ ಮಾಡುವವರ ಅಂದಾಜು. ಜೊತೆಗೆ ಗಾಳಿ ಬೇಕು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿದಾಗ, ದಡದ ಕಲ್ಲುಗಳಿಗೆ ಗೊಬ್ಬರ ಹಾಕಿದ್ದು ಇದೇ ಕಾರಣಕ್ಕೆ.

ನಮ್ಮಲ್ಲಿ ಗಾಳಿ ಕೊಡುವ ವಸ್ತುವಿಗೆ ಬರವೇ ಇಲ್ಲ. ಕೊಯ್ಲಿನ ಕಾಲದಲ್ಲಿ ರಸ್ತೆ ಬದಿ ನೋಡಿ, ಅಡಿಕೆ ಸಿಪ್ಪೆಯ ಗುಡ್ಡೆ. ಸುಮ್ನೆ ಬೆಂಕಿ ಹಾಕಿ ಊರಿಗೆಲ್ಲ ಹೊಗೆ ಕುಡಿಸುತ್ತೇವೆ. ಆ ನಾರನ್ನು ಎಣ್ಣೆ ಮಣ್ಣಿಗೆ ಬೆರೆಸಿದರೆ ಮಣ್ಣು ಸಡಿಲವಾಗಿ ಉಸಿರಾಡುತ್ತದೆ. ಆದರೆ ಹಸಿ ಸಿಪ್ಪೆಯೊಂದನ್ನೇ ಸುರಿದರೆ ಕೆಲಸ ಕೆಡುತ್ತದೆ. ಸಿಪ್ಪೆಯಲ್ಲೂ ಇಂಗಾಲವೇ ಜಾಸ್ತಿ. ಅದು ಕೊಳೆಯುವಾಗ ಇದ್ದಬದ್ದ ಸಾರಜನಕವೂ ಅದಕ್ಕೇ ಖರ್ಚಾಗುತ್ತದೆ. ಹಾಗಾಗಿ ಅರೆಕೊಳೆತ ಸಿಪ್ಪೆ ವಾಸಿ. ಜೊತೆಗೆ ಪ್ರೆಸ್‌ಮಡ್, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ. ಅದರಲ್ಲಿ ಸಾರಜನಕ, ರಂಜಕ ಎರಡೂ ಇವೆ. ಸಿಗದಿದ್ದರೆ ಸಗಣಿ ಇದೆಯಲ್ಲ. ನಮ್ಮ ಮಣ್ಣು ಹುಳಿ, ಬ್ಯಾಕ್ಟೀರಿಯಾಕ್ಕೆ ಅದು ಅಷ್ಟು ಹಿಡಿಸುವುದಿಲ್ಲ. ಸ್ವಲ್ಪ ಸುಣ್ಣವೂ ಬೇಕಾಗಬಹುದು.

ಎಲ್ಲ ಕಲಸಿ ಗುಡ್ಡೆ ಹಾಕಿ ಆಗಾಗ ಮಗುಚಬೇಕು. ಹದ ನೋಡುವುದು ಹೀಗೆ: ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. (ಕೈಗೆ ಗ್ಲೌಸ್ ಇರಲಿ.) ಮಲೆನಾಡಿನಲ್ಲಿ ದೊಡ್ಡ ತಲೆನೋವು ಮಳೆಯೇ. ನೀರು ತುಂಬಿದರೆ ಗಾಳಿ ಆಡುವುದಿಲ್ಲ, ಎಣ್ಣೆ ಹಳ್ಳಕ್ಕೋ ಬಾವಿಗೋ ಇಳಿಯುತ್ತದೆ. ಕೆಳಗೊಂದು ದಪ್ಪ ಪ್ಲಾಸ್ಟಿಕ್, ಮೇಲೊಂದು ಟಾರ್ಪಾಲು ಬೇಕೇ ಬೇಕು.

ಇದು ವಾರದ ಕೆಲಸವಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ವಾಸನೆ ಹೋಯಿತು ಅಂತ ನಂಬಬೇಡಿ. ಹಗುರವಾದ ಭಾಗ ಆವಿಯಾಗಿ ಮೊದಲೇ ಹೋಗುತ್ತದೆ, ಭಾರದ್ದು ಕೂತಿರುತ್ತದೆ. ಲ್ಯಾಬಿನಲ್ಲಿ ಅಳೆಸಿದರೇ ಗೊತ್ತಾಗುವುದು. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಆದರೆ ಕತೆ ಬೇರೆ. ಅದರಲ್ಲಿ ಸೀಸ, ಸತುವಿನಂಥ ಲೋಹ ಇರಬಹುದು. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಕರಗಿಸಿಬಿಡುವುದಿಲ್ಲ. ಆ ಮಣ್ಣನ್ನು ಎಷ್ಟು ಮಗುಚಿದರೂ ಬಸಳೆ ಚಪ್ಪರದ ಬುಡಕ್ಕೆ ಹಾಕುವ ಹಾಗಿಲ್ಲ.